ಪ್ರೇಮಾನಂದನ ಕಾಗೆಗಳು

ಹಾಲಾಡಿ ರಿಕ್ಷಾ ಸ್ಟ್ಯಾಂಡಿನ ಪ್ರೇಮಾನಂದನಿಗೆ ಸಿಟ್ಟು ಬಂದದ್ದನ್ನು ಕಂಡವರಿಲ್ಲ. ಅವನ ದವಡೆ ನೋವಿಗೆ ಅದೇ ಕಾರಣವಿರಬಹುದೆಂದು ಕುಂದಾಪುರದ ಹಲ್ಲಿನ ಡಾಕ್ಟರಿಗೆ ಅನುಮಾನ ಬಂತು. ನಿದ್ದೆಯಲ್ಲಿ ಅವನು ಹಲ್ಲು ಕಡಿಯುವ ಸದ್ದು ತೆಂಗಿನಕಾಯಿ ಹೆರೆದಂತೆ ಕೇಳುತ್ತದೆ ಎಂದು ಹೆಂಡತಿ ವನಜ ದೂರಿದ್ದಳು.

“ಹಲ್ಲ್ ಸಮ ಇತ್ತ್. ಒಂದ್ಸಲ ಕೌನ್ಸೆಲಿಂಗಿಗೆ ಹೋಗಿ ಬನ್ನಿ,” ಎಂದರು ಡಾಕ್ಟರು.

ಆವತ್ತು ಮೂರನೇ ಭೇಟಿ. ಬೆಳಗಿನ ಮೊದಲ ಬಸ್ಸಿಗೇ ಹೋಗಿ ಕೌನ್ಸೆಲರ್ ವಿನಯಾ ಅವರ ಎದುರು ಕೂತಿದ್ದ.

“ಯಾರ್ ಮೇಲಾದ್ರೂ ಸಿಟ್ಟಿತ್ತಾ?”

“ಇಲ್ಲೆ ಮೇಡಂ. ಎಲ್ಲರೂ ನಮ್ಮೋರೇ.”

“ರಾಜೇಂದ್ರ ಅಂಬ ಹೆಸ್ರ್ ಹೇಳುವಾಗೆಲ್ಲ ನಿಮ್ ಮುಷ್ಟಿ ಬಿಗಿ ಆತ್ತಲ್ದಾ?”

ಪ್ರೇಮಾನಂದ ತನ್ನ ಕೈ ನೋಡಿಕೊಂಡ. ಅದು ಬಾಯಿ ಮುಚ್ಚಿದ ಚಿಪ್ಪುಮೀನಿನಂತಿತ್ತು. ಮೆಲ್ಲಗೆ ಬಿಚ್ಚಿದ. ಜೊತೆಗೆ ಬಾಯಿಯೂ ಬಿಚ್ಚಿತು.

ರಾಜೇಂದ್ರ ಅದೇ ಸ್ಟ್ಯಾಂಡಿನವನು. “ಪ್ರೇಮಣ್ಣ ಎಂತ ಹೇಳುದಿಲ್ಲೆ” ಎನ್ನುತ್ತ ಸರದಿ ತಪ್ಪಿಸಿ ಬಾಡಿಗೆ ಎತ್ತಿಕೊಂಡು ಹೋಗುವುದು ಅವನ ರೂಢಿ. ಪ್ರೇಮಾನಂದ ನಗುತ್ತ ಬಿಟ್ಟುಕೊಡುತ್ತಿದ್ದ. ಮೂರು ವರ್ಷದ ಹಿಂದೆ ಸಿದ್ದಾಪುರದ ಬಾಡಿಗೆಯೊಂದನ್ನು ಹೀಗೇ ಬಿಟ್ಟುಕೊಟ್ಟ ಮರುದಿನ ಅವನ ಕೈ, ಅವನನ್ನೂ ಕೇಳದೆ, ಒಂದು ಹಿಡಿ ಒಣ ಸಿಗಡಿಯನ್ನು ರಾಜೇಂದ್ರನ ರಿಕ್ಷಾದ ಟಾಪಿನ ಮೇಲೆ ಎಸೆಯಿತು. ಕಾಗೆಗಳು ಬಂದವು. ತಿಂದವು. ತಿಂದವು ಸುಮ್ಮನೆ ಹೋಗುತ್ತವೆಯೇ? ಟಾಪಿನ ತುಂಬ ಹಿಕ್ಕೆ ಹಾಕಿ ಹೋದವು. ಅಂದಿನಿಂದ ದಿನವೂ ಬೆಳಿಗ್ಗೆ ಯಾರೂ ಕಾಣದಂತೆ ಅದೇ. ರಾಜೇಂದ್ರ ಟಾಪು ಬದಲಿಸಿದ, ಲಿಂಬೆಹಣ್ಣು ಕಟ್ಟಿದ, ಜೋಯಿಸರನ್ನು ಕೇಳಿ ಶನಿಪೂಜೆ ಮಾಡಿಸಿದ.

“ಅವ್ನ್ ದಿನಾ ರಿಕ್ಷಾ ತೊಳೂದ್ ಕಾಂಬುಕೆ ನಂಗೆ ಖುಷಿ ಆತಿತ್ತ್ ಮೇಡಂ,” ಎಂದವನು ಅತ್ತುಬಿಟ್ಟ.

“ಈಗ ಹೆಂಗಿತ್ತ್?”

“ನಾಚ್ಕಿ ಆತ್ತ್. ಆರೆ ದವಡಿ ಹಗೂರ ಆಯ್ತ್.”

“ಕೆಟ್ಟ ಮನ್ಸ್ ಎಲ್ಲರ ಒಳ್ಗೂ ಇತ್ತ್. ನೀವ್ ಅದ್ನ ಮುಚ್ಚಿಟ್ರಿ, ಅದ್ ಬೇರೆ ದಾರಿ ಹಿಡೀತ್. ಇನ್ ಸಿಟ್ಟ್ ಬಂದ್ರೆ ಬಾಯಲ್ಲೇ ಹೇಳಿ. ಬ್ಯಾಡ ಅನ್ಸ್ರೆ ಬ್ಯಾಡ ಅನ್ನಿ.”

“ರಾಜೇಂದ್ರನಿಗೆ ಹೇಳೂಕಾ?”

“ಅದ್ ನಿಮ್ಗ್ ಬಿಟ್ಟದ್ದ್. ಅವಸ್ರ ಬ್ಯಾಡ.”

ಆದರೆ ಇಷ್ಟು ವರ್ಷ ಮುಚ್ಚಿದ್ದ ಬಾಯಿ ಒಮ್ಮೆ ತೆರೆದ ಮೇಲೆ ತಡೆಯುವುದು ಕಷ್ಟ. ಮಧ್ಯಾಹ್ನ ಹಾಲಾಡಿಯಲ್ಲಿ ಬಸ್ಸಿಳಿದವನೇ ನೇರ ಸ್ಟ್ಯಾಂಡಿಗೆ ನಡೆದ. ಬೆಳಿಗ್ಗೆ ಅಲ್ಲೇ ನಿಲ್ಲಿಸಿ ಹೋಗಿದ್ದ ಅವನ ರಿಕ್ಷಾದಲ್ಲಿ ಮೀನು ಮಾರುವ ಹರಿಣಾಕ್ಷಿ ಖಾಲಿ ಬುಟ್ಟಿಯೊಂದಿಗೆ ಕಾಯುತ್ತಿದ್ದಳು. ಕೊಕ್ಕರ್ಣೆಯ ತಂಗಿಯ ಮನೆಗೆ ಹೋಗುವವಳು. ದೊಡ್ಡ ಬಾಡಿಗೆ.

“ಒಂದ್ನಿಮಿಷ ಹರಿಣಾಕ್ಷಕ್ಕ,” ಎಂದು ಪ್ರೇಮಾನಂದ ರಾಜೇಂದ್ರನ ಎದುರು ನಿಂತ. ಪಕ್ಕದಲ್ಲೇ ಇನ್ನೊಬ್ಬ ಚಾಲಕ ಕುಷ್ಟ ಬೀಡಿ ಸೇದುತ್ತಿದ್ದ.

“ರಾಜೇಂದ್ರ, ಮೂರ್ ವರ್ಷದಿಂದ ನಿನ್ ರಿಕ್ಷಾಕ್ಕೆ ಕಾಕಿ ಬಪ್ಪುದ್ ನನ್ನಿಂದ.”

ರಾಜೇಂದ್ರನ ಬಾಯಿ ತೆರೆದುಕೊಂಡಿತು. ಅವನು ತನ್ನ ರಿಕ್ಷಾದ ಟಾಪು ನೋಡಿದ. ಸಿಗಡಿ ಬೀಳದ ಕಾರಣ ಆವತ್ತು ಅದು ಕನ್ನಡಿಯಂತೆ ಹೊಳೆಯುತ್ತಿತ್ತು.

“ಕುಷ್ಟಣ್ಣ, ಕೇಂಡ್ರ್ಯಾ? ಜೋಯ್ಸ್ರ್ ಹೇಳದ್ದ್ ಇದೇ! ಮನ್ಸ್ ಚೊಕ್ಕ ಇಪ್ಪೋರ್ ಒಬ್ರ್ ತಾವಾಗೇ ಬಂದ್ ನಿನ್ ಶನಿ ನಂದ್ ಅಂಬ್ರ್, ಆವಾಗ ಬಿಡ್ತ್ ಅಂದಿದ್ರ್!” ಎಂದು ಅವನು ಪ್ರೇಮಾನಂದನ ಕಾಲಿಗೆ ಬಿದ್ದ.

“ಶನಿ ಅಲ್ಲ ಮರಾಯ, ಚಟ್ಲಿ! ಒಣ ಚಟ್ಲಿ! ನಾನೇ ಹಾಕದ್ದ್!” ಸಾಕ್ಷಿ ತೋರಿಸಲು ಪ್ರೇಮಾನಂದ ತನ್ನ ರಿಕ್ಷಾಕ್ಕೆ ಓಡಿ, ಡಬ್ಬಿಯಲ್ಲಿದ್ದ ಸಿಗಡಿ ಪೊಟ್ಟಣ ತೆಗೆದು ಎತ್ತಿ ಹಿಡಿದ.

ಬೆಳಗಿನಿಂದ ಉಪವಾಸವಿದ್ದ ಕಾಗೆಗಳಿಗೆ ಅಷ್ಟು ಸಾಕಾಯಿತು. ಎದುರಿನ ಮರದಿಂದ ಹದಿನೈದಿಪ್ಪತ್ತು ಒಟ್ಟಿಗೆ ಇಳಿದು ಅವನ ರಿಕ್ಷಾದ ಮೇಲೆ, ಹ್ಯಾಂಡಲ್ ಮೇಲೆ ಕೂತವು. ಒಂದು ಅವನ ಹೆಗಲ ಮೇಲೂ ಕೂತಿತು.

“ಹ್ವಾಯ್, ಕಾಣಿ ಕಾಣಿ! ಬಾಯಲ್ ಹೇಳದ್ದೇ ತಡ, ಶನಿ ಗಾಡಿ ಬದಲ್ಸಿ ಆಯ್ತ್!” ಕುಷ್ಟನ ಬೀಡಿ ಕೆಳಗೆ ಬಿತ್ತು.

ಜನ ಸೇರಿತು. ಪ್ರೇಮಾನಂದನಿಗೆ ಸಿಟ್ಟು ಉಕ್ಕಿ ಬಂತು. ಈ ಸಲ ಹಲ್ಲು ಅದನ್ನು ಕಡಿದು ಹಿಡಿಯಲಿಲ್ಲ.

“ನಾನ್ ಒಳ್ಳೆಯವ್ನಲ್ಲ! ರಾಜೇಂದ್ರನ ಕಂಡ್ರೆ ನಂಗ್ ಆತಿಲ್ಲೆ! ಮೂರ್ ವರ್ಷ ಹೊಟ್ಟೆ ಉರ್ಸ್ಕಂಡಿದ್ದೆ!”

ಸರ್ಕಲ್ಲೇ ನಡುಗುವಂಥ ದನಿ. ಕೂಗಿದ ಮೇಲೆ ಅವನಿಗೆ ಎಷ್ಟೋ ಕಾಲದ ನಂತರ ಸಮಾಧಾನವಾಯಿತು. ಎದುರಿನವರು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಿದ್ದರು.

“ಒಂದ್ ದಿನವೂ ಗಂಟ್ಲ್ ಎತ್ತದ ಜನ ಅಲ್ದಾ ಇವ್ರ್. ಶನಿ ಹೆಂಗ್ ಹಿಡ್ಕಂತ್ ಕಾಣಿ,” ಎಂದ ಕುಷ್ಟ ಪಿಸುದನಿಯಲ್ಲಿ.

ಹರಿಣಾಕ್ಷಿ ಬುಟ್ಟಿಯೊಂದಿಗೆ ಮೆಲ್ಲಗೆ ಇಳಿದಳು. ಪ್ರೇಮಾನಂದನಿಗೆ ಭಕ್ತಿಯಿಂದ ಕೈ ಮುಗಿದಳು.

“ನೀವ್ ದೊಡ್ಡ ಮನ್ಸ್ರ್ ಪ್ರೇಮಣ್ಣ. ಆರೆ ಮನೆಲಿ ಮಕ್ಳ್ ಮರಿ ಇಪ್ಪೋರ್ ನಾವ್,” ಎಂದು ಹೋಗಿ ರಾಜೇಂದ್ರನ ರಿಕ್ಷಾದಲ್ಲಿ ಕೂತಳು.

ರಾಜೇಂದ್ರ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದ. ಜನ್ಮದಲ್ಲೇ ಮೊದಲ ಬಾರಿಗೆ ಕೇಳಿದ.

“ಪ್ರೇಮಣ್ಣ, ಈ ಬಾಡಿಗೆ ನಾನ್ ತಕಂಡ್ ಹೋಗ್ಲಾ?”

ಪ್ರೇಮಾನಂದ ಅವನ ಕಣ್ಣಲ್ಲಿ ಕಣ್ಣಿಟ್ಟು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದ: “ಬ್ಯಾಡ.”

ರಾಜೇಂದ್ರ ಅವನ ಕೈಯನ್ನು ಕಣ್ಣಿಗೊತ್ತಿಕೊಂಡ.

“ಅದ್ ನೀವ್ ಹೇಳುದಲ್ಲ ಪ್ರೇಮಣ್ಣ, ಶನಿ ಹೇಳುದ್,” ಎಂದು ರಿಕ್ಷಾ ಸ್ಟಾರ್ಟ್ ಮಾಡಿ ಕೊಕ್ಕರ್ಣೆಗೆ ಹೊರಟ.