ನೇರಳೆ ಹೂವೂ ಮಾಲಿಯ ಮೂಗೂ

ಮೇಡಂ: ಇದೂ ನಾರುತ್ತೆ, ಅದೂ ನಾರುತ್ತೆ! ನಾಲ್ಕು ವರ್ಷ, ಮೂರು ಸಾವಿರ ಗಿಡ. ನೇರಳೆ ಹೂ ಬಿಟ್ಟು ನಾರದೇ ಇರೋದು ಒಂದಾದ್ರೂ ಹುಟ್ಟಬಾರದಾ ಅಣ್ಣಾ?

ಮಾಲಿ: ನೇರಳೆ ಅಂದ್ಮೇಲೆ ನಾರಲೇಬೇಕು ಮೇಡಂ. ನಾನು ಮೊದಲೇ ಹೇಳಿದ್ದೆ.

ಗಾಜಿನ ಮನೆಯ ತುಂಬ ಕುಂಡಗಳು. ನಡುವೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಸಸ್ಯವಿಜ್ಞಾನಿ. ಎದುರಿಗೆ ಏನೂ ಕಟ್ಟಿಕೊಳ್ಳದೆ ಹಾಯಾಗಿ ನಿಂತ ಮುದುಕ ಮಾಲಿ. ಮಧ್ಯಾಹ್ನದೊಳಗೆ ಅಂಥದೊಂದು ಗಿಡ ತೋರಿಸದಿದ್ದರೆ ದೊಡ್ಡ ಸಾಹೇಬರು ಈ ಕೆಲಸಕ್ಕೇ ಬೀಗ ಜಡಿಯುವವರಿದ್ದರು. ಮೇಡಂ ಗಿಡ ಕಟ್ಟುವ ಎರಡು ದಾರ ಎತ್ತಿಕೊಂಡು ನಡುಭಾಗವನ್ನು ಬಿಗಿಯಾಗಿ ಸುತ್ತಿದರು.

ಮೇಡಂ: ಇದು ತಾಯಿಗಿಡದ ವರ್ಣತಂತು, ಇದು ತಂದೆಗಿಡದ್ದು. ಪರಾಗ, ಅಂಡ ಆಗೋ ಮುಂಚೆ ಎರಡೂ ಜೋಡಿಯಾಗಿ ತುಂಡು ಅದಲುಬದಲು ಮಾಡ್ಕೊಳ್ತವೆ. ತುದಿ ಸಡಿಲ, ಅಲ್ಲಿ ಸಲೀಸು. ನಡುವೆ ಹೀಗೆ ಬಿಗಿಯಾಗಿರುತ್ತೆ, ಅಲ್ಲಿ ಬಲು ಅಪರೂಪ.

ಮಾಲಿ: ಆ ನಡುವೆ ಯಾರಿದ್ದಾರೆ?

ಮೇಡಂ: ನೇರಳೆ ಬಣ್ಣ. ಅದರ ಮಗ್ಗುಲಲ್ಲೇ ನಾತ.

ಮಾಲಿ: ಸಾಹೇಬ್ರೂ ಅವರ ಕುರ್ಚಿಯೂ ಇದ್ದ ಹಾಗೆ ಅನ್ನಿ. ಯಾರಿಂದ್ಲೂ ಬಿಡಿಸೋಕಾಗಲ್ಲ.

ಮೇಡಂ: ಸಾವಿರಕ್ಕೊಂದಾದ್ರೂ ಬಿಡಿಸ್ಕೊಂಡಿರಬೇಕಣ್ಣ!

ಮಾಲಿ: ಇಲ್ಲ ಬಿಡಿ. ಸಸಿ ಇದ್ದಾಗ್ಲೇ ನಾನು ನೋಡಿರ್ತೀನಲ್ಲ.

ಮೇಡಂ: ಸಸೀಲಿ ಏನು ನೋಡ್ತೀರಿ? ಹೂವೇ ಇರಲ್ಲ!

ಮಾಲಿ: ಎಲೆ ಉಜ್ಜಿ ಮೂಸ್ತೀನಿ. ನಾತ ಬಂತೋ, ನೇರಳೆ, ಇಟ್ಕೊಳ್ತೀನಿ. ಬರಲಿಲ್ವೋ, ಬಿಳಿ; ಕಿತ್ತೆಸೀತೀನಿ. ಬಿಳಿ ಹೂವಿನ ಗಿಡ ಇಡಬೇಡಿ ಅಂತ ನೀವೇ ಅಂದಿದ್ರಲ್ಲ? ಹೂ ಬಿಡೋವರೆಗೂ ಅದಕ್ಯಾಕೆ ಸುಮ್ನೆ ನೀರು?

ದಾರ ಕೈಯಿಂದ ಜಾರಿತು. ಕರವಸ್ತ್ರ ಗಲ್ಲಕ್ಕಿಳಿಯಿತು.

ಮೇಡಂ: ನಾರದೇ ಇರೋದನ್ನೆಲ್ಲ... ನಾಲ್ಕು ವರ್ಷದಿಂದ... ಕಿತ್ತೆಸೆದ್ರಾ?

ಮಾಲಿ: ಒಂದೂ ಬಿಡದೆ!

ಮೇಡಂ: ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲಣ್ಣಾ! ನಾನು ಹುಡುಕ್ತಾ ಇದ್ದದ್ದೇ ಅದನ್ನ! ಎಲ್ಲಿಗೆ ಎಸೆದ್ರಿ?

ಮಾಲಿ: ಗೊಬ್ಬರದ ಗುಂಡಿಗೆ.

ಮಾಲಿ ಬೋಳುತಲೆ ಕೆರೆದುಕೊಂಡ. ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ.

ಮಾಲಿ: ಬೈಯಲ್ಲ ಅಂದ್ರೆ ಒಂದ್ಮಾತು. ಗುಂಡಿ ಅಂಚಲ್ಲಿ ಒಂದು ಸಸಿ ತಾನಾಗೇ ಬೇರು ಹಿಡಿದು, ಹೋದ ವಾರ ಹೂ ಬಿಡ್ತು. ನೇರಳೆ.

ಮೇಡಂ: ನಾರುತ್ತಾ?

ಮಾಲಿ: ಚೂರೂ ಇಲ್ಲ.

ಮೇಡಂ: ಅಯ್ಯೋ ಪುಣ್ಯಾತ್ಮಾ! ವಾರದಿಂದ ಯಾಕೆ ಬಾಯಿ ಬಿಡಲಿಲ್ಲ?

ಮಾಲಿ: ಹೇಗೆ ಬಿಡಲಿ ಮೇಡಂ? ಮೂವತ್ತು ವರ್ಷದ ಸರ್ವಿಸ್‌ನಲ್ಲಿ ನನ್ನ ಮೂಗು ತಪ್ಪಿದ್ದು ಅದೊಂದೇ ಸಲ. ಯಾರಾದ್ರೂ ನೋಡಿದ್ರೆ ಮಾನ ಹೋಗುತ್ತೆ ಅಂತ ಅದರ ಮೇಲೆ ಬುಟ್ಟಿ ಕವುಚಿ ಹಾಕಿದ್ದೀನಿ!