ಶರಣವ್ವನ ಆಸನಕ್ಕಾಗಿ ನಡೆದ ಹಿಮಸಮರ

ಸ್ವಸ್ತಿ. ಯುಗಗಳಲ್ಲೆಲ್ಲ ಗುತ್ತಿಗೆಯುಗವೇ ಘೋರವೆಂದು ಬಲ್ಲವರೇ, ಕಿವಿಗೊಡಿ. ಕಲಬುರಗಿಯ ಬಿಸಿಲಲ್ಲಿ ಬೆಂದು, ಹಿಮಾಲಯದ ಹೊಟ್ಟೆಯಲ್ಲಿ ಸುರಂಗ ಕೊರೆಯಲು ಬಂದ ಅರವತ್ತು ಮಂದಿ ಶಿಲಾಭಂಜಕರಿಗೆ ಎರಡು ಹೊತ್ತೂ ರೊಟ್ಟಿ ಬಡಿಯುತ್ತಿದ್ದ ಅಗ್ನಿಸಹಚರಿ, ಧೂಮಧೂಸರನಯನೆ ಶರಣವ್ವನ ಮೊಣಕಾಲಿಗೆ ಮೊದಲ ಶರಣು. ಸಮರ ನಡೆದದ್ದು ಆ ಮೊಣಕಾಲಿಗಾಗಿ. ನಡೆಸಿದವರು ಮಾತ್ರ ಅದನ್ನೊಂದು ಮಾತು ಕೇಳಲಿಲ್ಲ.

ಆ ಕಣಿವೆಯಲ್ಲಿ ಮಾಘದ ಸೂರ್ಯ ಎರಡು ಶಿಖರಗಳ ನಡುವೆ ಒಂದೂವರೆ ತಾಸು ಮಾತ್ರ ಮುಖ ತೋರಿಸುತ್ತಿದ್ದ, ಅದೂ ಅಡುಗೆಯ ತಗಡುಶೆಡ್ಡಿನ ಮುಂದಷ್ಟೇ. ನಸುಕಿನಿಂದ ನಿಂತೇ ಇದ್ದ ಶರಣವ್ವ ಒಂದು ದಿನ ಅಂದಳು: "ಅಣ್ಣಾ, ಬಿಸಲಾಗ ಕೂಡಲಕ ಏನರ ಇಡ್ರಿ. ಮೊಣಕಾಲ ಸತ್ತು ಹೋಗ್ಯಾವ."

ಖಾಲಿ ಎಣ್ಣೆಡಬ್ಬಿಗಳಿದ್ದವು, ನಿಜ. ಅವೆಲ್ಲ ಒಳಗೆ ಒಲೆಯ ಸುತ್ತ ಗಂಡಸರ ಸಿಂಹಾಸನಗಳಾಗಿ ಹಂಚಿಹೋಗಿದ್ದವು.

ಅಂಥದೊಂದು ಡಬ್ಬಿಯಿಂದ ಮೇಲೆದ್ದ ಉಗ್ರಾಣಾಧೀಶ್ವರ, ಕೀಲಿಗೊಂಚಲಭೂಷಿತ ಸ್ಟೋರಿನ ರೇವಪ್ಪ ಗರ್ಜಿಸಿದ: "ಪ್ಲಾಸ್ಟಿಕ್ ಕುರ್ಚಿ ಬೇಕು. ನಮ್ಮ ಮನಿ ಅಂಗಳದಾಗ ಅಂಥದೊಂದು ಹನ್ನೆರಡು ವರ್ಷ ಬಿಸಲಿಗಿ ಬಿದ್ದದ. ಮೂರು ಮದವಿ ಕಂಡದ. ಇದಕ್ಕೇನು ಥಂಡಿ ಮಾಡ್ತದ?"

"ಪ್ಲಾಸ್ಟಿಕ್ಕಂತ," ಎಂದು ನಕ್ಕ, ವೆಲ್ಡಿಂಗಿನ ಕಿಡಿಗಳನ್ನೇ ಹೂಮಳೆಯೆಂದು ಬಗೆವ ಲೋಹವಿದ್ಯಾಧುರಂಧರ ಮಡಿವಾಳಪ್ಪ ಮೇಸ್ತ್ರಿ. "ಕಬ್ಬಿಣದ್ದು ನಾ ಮಾಡ್ತೀನಿ. ನನ್ನ ಮರಿಮಕ್ಕಳು ಬಂದು ಕೂಡಬೇಕು ಅದರ ಮ್ಯಾಲ."

"ಮರಿಮಕ್ಕಳಿಗೂ ಇಲ್ಲೇ ಸುರಂಗ ತೋಡೂದು ಇಟ್ಟೀಯೇನೋ?" ಎಂದಳು ಶರಣವ್ವ. ಮೇಸ್ತ್ರಿ ಆಗಲೇ ಸರಳು ಅಳೆಯುತ್ತಿದ್ದ.

ಮೊದಲ ದಿನ ಉಗ್ರಾಣದಿಂದ ಬಂದ ಪ್ಲಾಸ್ಟಿಕ್ ಕುರ್ಚಿಯ ಪಾಳಿ. ಒಂದು ರಾತ್ರಿಯ ಹಿಮ ಉಂಡ ಕುರ್ಚಿಯ ಮೇಲೆ ಬೆಳಿಗ್ಗೆ ರೇವಪ್ಪ ಚಕ್ರವರ್ತಿಯಂತೆ ಆಸೀನನಾದನೋ ಇಲ್ಲವೋ, ಫಟ್ಟೆಂದು ನಾಲ್ಕು ಕಾಲುಗಳು ನಾಲ್ಕು ದಿಕ್ಕುಗಳನ್ನು ಜಯಿಸಲು ಹೊರಟುಹೋದವು. ಮರುದಿನ ಕಬ್ಬಿಣ. "ಹಿಡಿದು ನೋಡ್ರಿ" ಎಂದು ಬರಿಗೈಯಲ್ಲಿ ಕುರ್ಚಿಯ ತೋಳು ಹಿಡಿದ ಮೇಸ್ತ್ರಿಯ ಅಂಗೈ ಅದಕ್ಕೇ ಅಂಟಿಕೊಂಡಿತು. ಶರಣವ್ವ ಉಗುರುಬೆಚ್ಚಗಿನ ನೀರು ಹೊಯ್ದು ಬಿಡಿಸಿದಳು. ಕೈ ಬಂತು, ಅದರ ಕೊಂಚ ಚರ್ಮ ಕಬ್ಬಿಣದಲ್ಲೇ ಉಳಿಯಿತು.

ಆಗ ವೈರಿಗಳಿಬ್ಬರೂ ಸಂಧಿ ಮಾಡಿಕೊಂಡು ಕಟ್ಟಿದರು, ಕೇಳಿ, ದೇವದಾರುವಿನ ಬೆಂಚು. ಹಿಮ ಕರಗಿದರೆ ನೀರಿಳಿಯಲು ಹಲಗೆಗಳ ನಡುವೆ ಬೆರಳಗಲ ಸಂದು. ಮೈಗೆ ಮೂರು ಸಲ ಅಗಸೆಎಣ್ಣೆ. ನೆಲದ ತೇವ ತಾಗದಂತೆ ಕಾಲಡಿ ಕಲ್ಲು. ಅಂಥ ಶೀತಸಹಿಷ್ಣು, ಹಿಮಪಾತನಿರ್ಭೀತ, ಬಹುವರ್ಷಬಾಳಿಕೆಯ ಆಸನವನ್ನು ಆ ಕಣಿವೆ ಕಂಡಿರಲಿಲ್ಲ. ಬಿಸಿಲು ಬಂತು. ಶರಣವ್ವ ಸೆರಗು ಸರಿಮಾಡಿಕೊಂಡು ಕೂಡಲು ಬಂದಳು.

"ತಡೀ ಯವ್ವಾ," ಎಂದ ರೇವಪ್ಪ. "ಹೊಸ ಸಾಮಾನು. ಪೂಜಿ ಆಗದೇ ಕೂಡ್ತಾರೇನು?"

"ತೊಳದು ಕುಂಕುಮ ಹಚ್ಚಬೇಕು," ಎಂದ ಮೇಸ್ತ್ರಿ.

"ಒಣಾ ಬಟ್ಟಿಲೆ ಒರಸ್ರಿ, ಸಾಕು," ಎಂದಳು ಶರಣವ್ವ.

"ನಿನಗ ಶಾಸ್ತ್ರ ತಿಳಿಯಂಗಿಲ್ಲ ಬಿಡು."

ನಾಲ್ಕು ಬಕೆಟ್ ನೀರಿನಿಂದ ಮಹಾಭಿಷೇಕ ನಡೆಯಿತು. ಊರಿಂದ ಟ್ರಂಕಿನಲ್ಲಿ ಬಂದಿದ್ದ ತೆಂಗಿನಕಾಯಿ ಒಡೆದರೆ ಒಳಗಿಂದ ನೀರಿನ ಬದಲು ಹಿಮದ ಗುಂಡು ಉರುಳಿತು. "ಶುಭಶಕುನ," ಎಂದ ರೇವಪ್ಪ. ಕುಂಕುಮದ ಬೆರಳು ಹಲಗೆ ಮುಟ್ಟುವಷ್ಟರಲ್ಲಿ ಹಲಗೆ ಇರಲಿಲ್ಲ. ಸಂದುಗಳೆಲ್ಲ ಮುಚ್ಚಿ, ಬೆಂಚು ಗಾಜಿನ ಕರಡಿಗೆಯೊಳಗಿನ ಲಿಂಗದಂತೆ ಥಳಥಳಿಸುತ್ತಿತ್ತು. ಎದೆಗುಂದದ ವೀರರು ಅದನ್ನು ಕರಗಿಸಲು ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಯನ್ನೇ ಹೊತ್ತು ತಂದು ಸುರಿದರು. ಹಬೆ ಎದ್ದಿತು, ಜಯಘೋಷ ಎದ್ದಿತು, ಎರಡೂ ಇಳಿದ ಮೇಲೆ ಹಿಮ ಇನ್ನೊಂದು ಅಂಗುಲ ದಪ್ಪವಾಗಿತ್ತು. ಬಿಸಿಲು ಅರ್ಧ ತಾಸು ಉಳಿದಿತ್ತು.

ಶರಣವ್ವ ಒಳಗೆ ಹೋದಳು. ಮೇಸ್ತ್ರಿಯ ಎಣ್ಣೆಡಬ್ಬಿ ಎತ್ತಿಕೊಂಡು ಬಂದಳು, ಬೋರಲು ಹಾಕಿದಳು, ಮೇಲೊಂದು ಗೋಣಿ ಮಡಚಿಟ್ಟು ಕೂತಳು. ಕಾಲು ಚಾಚಿದಳು.

"ಅದು ನನ್ನ ಡಬ್ಬಿ," ಎಂದ ಮೇಸ್ತ್ರಿ.

"ನಿಂದಾಗಿತ್ತು."

ರೇವಪ್ಪ ಖಾಲಿ ಲೋಟ ಹಿಡಿದು ಹತ್ತಿರ ಬಂದು, "ಯವ್ವಾ, ಚಾ?" ಎಂದ.

"ಚಾದ ನೀರು ನಿಮ್ಮ ಬೆಂಚ್ ಕುಡದದ," ಎಂದಳು ಕಣ್ಣು ಮುಚ್ಚಿಕೊಂಡೇ. "ಅದನ್ನ ಕೇಳ್ರಿ."