ಭಾವನವರನ್ನು ಕೇಳದೆ ಏನನ್ನೂ ಸರಿಸಬೇಡಿ

ನಮ್ಮ ಭಾವನವರಿಗೆ ಸ್ವಲ್ಪ ಹುಚ್ಚಿದೆ ಎಂದು ನನ್ನ ಅಕ್ಕ ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿದ್ದಳು. ನಾನು ಒಪ್ಪಲು ತಡಮಾಡಿದೆ. ಯಾವ ಮಾತನ್ನೂ ಕಣ್ಣಾರೆ ಕಾಣದೆ ಒಪ್ಪುವವನಲ್ಲ ನಾನು. ಆಮೇಲೊಂದು ಬೆಳಿಗ್ಗೆ ಲಕ್ಷ್ಮೀಪುರಂನ ಅವರ ಮನೆಗೆ ಹೋದಾಗ, ಭಾವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸಕ್ಕರೆ ಡಬ್ಬಿ ಇರಬೇಕಾಗಿದ್ದ ಜಾಗವನ್ನು ತೋರಿಸುತ್ತಿದ್ದರು. "ಇದನ್ನ ಸರಿಸೋಕೆ ಮುಂಚೆ, ಇದನ್ನ ನಂಬ್ಕೊಂಡಿರೋರು ಯಾರ್ಯಾರು ಅಂತ ನೋಡಿದ್ಯಾ?" ಎಂದು ಅಕ್ಕನನ್ನು ಕೇಳುತ್ತಿದ್ದರು. ಅವರ ಕೈಯಲ್ಲಿ ಕಾಫಿ ಲೋಟವಿತ್ತು. ಕಾಫಿಗೆ ಉಪ್ಪು ಬಿದ್ದಿತ್ತು.

"ನಂಬ್ಕೊಂಡಿರೋರು ನೀವೊಬ್ರೇ ಕಣ್ರೀ. ಮಿಕ್ಕೋರೆಲ್ಲ ಕಣ್ಣು ಬಿಟ್ಕೊಂಡು ಹಾಕ್ಕೋತೀವಿ" ಎಂದಳು ಅಕ್ಕ.

ನಾನು ಅಲ್ಲಿಯೇ ಒಪ್ಪಿಕೊಂಡೆ.

ಈ ಹುಚ್ಚು ಹಿಡಿದದ್ದು ಮನೆಯಲ್ಲಲ್ಲ, ಆಫೀಸಿನಲ್ಲಿ. ಇಲವಾಲದಿಂದ ಆಚೆಗೆ, ಹುಣಸೂರು ರಸ್ತೆಯ ಪಕ್ಕದಲ್ಲಿ ಒಂದು ಕಾರ್ಖಾನೆ. ಗ್ಯಾರೇಜಿಗೆ ಬಂದ ಬಸ್ಸನ್ನೋ ಕಾರನ್ನೋ ಮೇಲಕ್ಕೆತ್ತಿ ಹಿಡಿಯುವ ಲಿಫ್ಟುಗಳನ್ನು ಅಲ್ಲಿ ಮಾಡುತ್ತಿದ್ದರು. ಭಾವ ಡ್ರಾಯಿಂಗ್ ಆಫೀಸಿನಲ್ಲಿ, ನಾನು ಜೋಡಣೆಯ ಶೆಡ್ಡಿನಲ್ಲಿ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಡ್ರಾಯಿಂಗ್ ಬೋರ್ಡುಗಳು ಮೂಲೆ ಸೇರಿ ಕಂಪ್ಯೂಟರುಗಳು ಬಂದವು. ಅದರ ಜೊತೆಗೇ ಭಾವನವರ ನಿದ್ದೆ ಹೋಯಿತು.

ಯಾಕೆಂದು ನಾನು ಕೇಳಿದೆ. ಅವರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಇಡೀ ಲಿಫ್ಟಿನ ಫೈಲು ಎಂದು ಒಂದಿರುತ್ತದಲ್ಲ, ಅದರೊಳಗೆ ಲಿಫ್ಟೇ ಇರುವುದಿಲ್ಲ! ತೋಳು ಆ ಫೈಲಿನಲ್ಲಿದೆ, ತೋಳನ್ನು ಹಿಡಿದಿಡುವ ಉಕ್ಕಿನ ಪಿನ್ನು ಈ ಫೈಲಿನಲ್ಲಿದೆ ಎಂಬ ವಿಳಾಸಗಳಷ್ಟೇ ಇರುತ್ತವೆ. ತೆರೆದಾಗ ಅದು ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ, ಎಲ್ಲರನ್ನೂ ಕರೆತಂದು ಪರದೆಯ ಮೇಲೆ ನಿಲ್ಲಿಸುತ್ತದೆ. ಯಾರಾದರೂ ಪಿನ್ನಿಗೆ ಬೇರೆ ಹೆಸರಿಟ್ಟರೆ, ಅಥವಾ ಬೇರೆ ಫೋಲ್ಡರಿಗೆ ಸಾಗಿಸಿದರೆ, ಹಳೆಯ ಮನೆಗೆ ಬೀಗ. ಲಿಫ್ಟಿನ ತೋಳು ಪಿನ್ನಿಲ್ಲದೆ ಗಾಳಿಯಲ್ಲಿ ನೇತಾಡುತ್ತದೆ.

ಆದ್ದರಿಂದ ಭಾವ ಯಾರಿಗೂ ಏನನ್ನೂ ಸರಿಸಲು ಬಿಡುತ್ತಿರಲಿಲ್ಲ. ಒಬ್ಬರು ತೆರೆದಿಟ್ಟ ಫೈಲನ್ನು ಮಿಕ್ಕವರು ನೋಡಬಹುದಿತ್ತು, ತಿದ್ದುವಂತಿರಲಿಲ್ಲ. ಆಫೀಸಿನವರು ಫೈಲಿನ ಹೆಸರು ಬದಲಿಸುವ ಮೊದಲು ಎದ್ದು ನಿಂತು, ಕೋಣೆಗೆಲ್ಲ ಕೇಳುವಂತೆ ಹೇಳಬೇಕಿತ್ತು. ಕೆಮ್ಮಲು ಎದ್ದವರನ್ನೂ ಅವರು ಅನುಮಾನದಿಂದ ನೋಡುತ್ತಿದ್ದರೆಂದು ಕೇಳಿದ್ದೇನೆ. ಕಣ್ಣಾರೆ ಕಂಡದ್ದಲ್ಲ. ಆದರೆ ಅವರ ಮನೆಯಲ್ಲಿ ಪೇಪರಿನ ನಡುವಿನ ಹಾಳೆಯನ್ನು ನಾನು ಎಳೆದುಕೊಂಡಾಗ ಏನಾಯಿತೆಂದು ಕಂಡಿದ್ದೇನೆ. "ಅದು ನನ್ನ ಹೆಸರಲ್ಲಿದೆ. ನಾನು ವಾಪಸ್ ಇಡೋ ತನಕ ನೀನು ಬರೀ ನೋಡ್ಬೋದು ಕಣೋ" ಎಂದರು. ನಾನು ಅವರ ಭುಜದ ಮೇಲಿಂದ ಬಗ್ಗಿ ಕ್ರಿಕೆಟ್ ಸುದ್ದಿ ಓದಿದೆ.

ಕೆಲವು ವರ್ಷಗಳ ನಂತರ ಈ ಕೆಲಸಕ್ಕೆಂದೇ ಒಂದು ಹೊಸ ವ್ಯವಸ್ಥೆ ಬಂತು. ಫೈಲುಗಳೆಲ್ಲ ಒಂದೇ ಕಡೆ ಇರುತ್ತವೆ. ಬೇಕಾದವರು ತಮ್ಮ ಹೆಸರಿನಲ್ಲಿ ಒಂದನ್ನು ಹೊರಗೆ ತೆಗೆದುಕೊಳ್ಳಬೇಕು. ತಿದ್ದಿ ವಾಪಸ್ ಇಟ್ಟರೆ ಅದು ಹೊಸ ಆವೃತ್ತಿ, ಹಳೆಯದೂ ಹಾಗೇ ಉಳಿಯುತ್ತದೆ. ಹೆಸರು ಬದಲಿಸಿದರೆ, ಅದನ್ನು ನೆಚ್ಚಿಕೊಂಡವರಿಗೆಲ್ಲ ವ್ಯವಸ್ಥೆಯೇ ಹೊಸ ವಿಳಾಸ ಮುಟ್ಟಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಯಾವುದೇ ಬಿಡಿಭಾಗವನ್ನು ತೋರಿಸಿ "ಇದನ್ನು ಯಾರ್ಯಾರು ಬಳಸುತ್ತಿದ್ದಾರೆ" ಎಂದು ಕೇಳಿದರೆ ಉತ್ತರ ಹೇಳುತ್ತದೆ! ಅಕ್ಕನಿಂದ ಅಷ್ಟು ವರ್ಷ ಸಿಗದಿದ್ದ ಉತ್ತರ. ಆಫೀಸಿನವರು ಅದಕ್ಕೆ ಉಗ್ರಾಣವೆಂದು ಹೆಸರಿಟ್ಟರು. ಭಾವ ಉಗ್ರಾಣದ ಯಜಮಾನರಾದರು.

ಆ ವರ್ಷದ ಆಯುಧಪೂಜೆಗೆ ಉಗ್ರಾಣದ ಕಂಪ್ಯೂಟರಿಗೂ ಕುಂಕುಮ, ಸೇವಂತಿಗೆ. ಪೂಜೆಯವರು ತೀರ್ಥ ಚಿಮುಕಿಸಲು ಕೈ ಎತ್ತಿದರು. ಭಾವ ನಡುವೆ ನುಗ್ಗಿ ಬೊಗಸೆ ಒಡ್ಡಿದರು. ಅವರು ಮತ್ತೆ ಎತ್ತಿದರು, ಇವರು ಮತ್ತೆ ಒಡ್ಡಿದರು. ಕಂಪ್ಯೂಟರಿನ ಪಾಲಿನ ತೀರ್ಥವನ್ನೆಲ್ಲ ಕುಡಿದವರು ನಮ್ಮ ಭಾವ. ಪೂಜೆಯವರು ಅವರ ಭಕ್ತಿಯನ್ನು ಬಹಳ ಹೊಗಳಿದರು.

ಇದನ್ನು ಕೇಳಿದ ನೆಂಟರು ಒಂದು ಮದುವೆಯಲ್ಲಿ ನಿಜವಾದ ಉಗ್ರಾಣವನ್ನೇ ಅವರಿಗೆ ಒಪ್ಪಿಸಿಬಿಟ್ಟರು. ಅಡಿಗೆಯವರೊಬ್ಬರು ಹೋಳಿಗೆಯ ಹೂರಣಕ್ಕೆಂದು ಬೆಲ್ಲವನ್ನೆಲ್ಲ ಒಯ್ದಿದ್ದರು. ಪಾಯಸದವರು ಬಂದು, ಅವರ ಹತ್ತಿರದಿಂದ ಸ್ವಲ್ಪ ಎತ್ತಿಕೊಳ್ಳುತ್ತೇನೆ ಎಂದರೆ ಭಾವ ಬಿಡಲಿಲ್ಲ. ಬೆಲ್ಲ ಇನ್ನೊಬ್ಬರ ಹೆಸರಿನಲ್ಲಿತ್ತು. ಮೊದಲು ವಾಪಸ್ ಬರಲಿ, ಆಮೇಲೆ ಎಂದರು. ವಾಪಸ್ ಬರುವ ಹೊತ್ತಿಗೆ ಬೆಲ್ಲ ಹೂರಣವಾಗಿತ್ತು. ಭಾವ ಕಿಂಚಿತ್ತೂ ವಿಚಲಿತರಾಗದೆ, ಅದನ್ನು ಬೆಲ್ಲದ ಹೊಸ ಆವೃತ್ತಿಯೆಂದು ಒಳಗಿಟ್ಟುಕೊಂಡರು. ಅಂದು ಪಾಯಸ ಬಡಿಸಲಿಲ್ಲ. ಗಂಡಿನ ಕಡೆಯವರು ಇಂದಿಗೂ ಅದನ್ನು ಎತ್ತಿ ಆಡುತ್ತಾರೆ.

ನಾನೂ ಆಡಿಕೊಂಡು ನಗುತ್ತಿದ್ದೆ. ಮುಂದಿನದನ್ನು ಮಾತ್ರ ನಿಧಾನವಾಗಿ ಹೇಳಬೇಕು.

ನಮ್ಮ ಶೆಡ್ಡಿನಲ್ಲಿ ಬಸ್ಸಿನ ಲಿಫ್ಟೊಂದು ಪರೀಕ್ಷೆಗೆ ನಿಂತಿತ್ತು. ಬಸ್ಸಿನ ಬದಲು ಕಬ್ಬಿಣದ ದಿಮ್ಮಿಗಳನ್ನು ಹೇರಿ, ಪೂರ್ತಿ ಮೇಲಕ್ಕೆತ್ತಿದ್ದೆವು. ಇನ್ನು ನಾನು ಟಾರ್ಚ್ ಹಿಡಿದು ಅದರ ಕೆಳಗೆ ಹೋಗಿ ಎಣ್ಣೆ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಬೇಕಿತ್ತು. ಪ್ರತಿ ಲಿಫ್ಟಿಗೂ ಮಾಡುತ್ತಿದ್ದ ಕೆಲಸ. ಬಗ್ಗಿ, ಒಂದು ಕಾಲು ಒಳಗಿಟ್ಟಿದ್ದೆ.

ಶೆಡ್ಡಿನ ಬಾಗಿಲಲ್ಲಿ ಭಾವ ಕಂಡರು. ಗ್ರೀಸು ಮೆತ್ತುತ್ತದೆಂದು ಅವರು ನಮ್ಮ ಕಡೆಗೆ ಬರುತ್ತಿರಲೇ ಇಲ್ಲ. ಕಂಪ್ಯೂಟರ್ ಕೋಣೆಗೆ ದೂಳು ಬರಬಾರದೆಂದು ಎಲ್ಲರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗುತ್ತಿದ್ದ ಕಾಲ ಅದು. ಭಾವ ಅಲ್ಲಿಂದ ಬರಿಗಾಲಲ್ಲೇ ಓಡಿಬಂದಿದ್ದರು, ಕಬ್ಬಿಣದ ಚೂರುಗಳ ಮೇಲೆ. ನೆಲದ ಮೇಲೆ ರಕ್ತದ ಹೆಜ್ಜೆ ಮೂಡುತ್ತಿತ್ತು. ಅವರು ಕೂಗಲಿಲ್ಲ. ಬಂದು ನನ್ನ ಮಣಿಕಟ್ಟು ಹಿಡಿದರು.

"ಒಳಗೆ ಹೋಗ್ಬೇಡ. ಈಚೆಗೆ ಬಾ" ಎಂದರು.

"ಎಣ್ಣೆ ನೋಡ್ಬೇಕು ಭಾವ."

"ಪಿನ್ನು ಪೊಳ್ಳು ಕಣೋ."

ನನಗೆ ಅರ್ಥವಾಗಲಿಲ್ಲ. ಆದರೆ ಆ ಹಿಡಿತ ಅರ್ಥವಾಯಿತು. ಈಚೆಗೆ ಬಂದೆ. ಎಲ್ಲರೂ ದೂರ ನಿಂತು ಲಿಫ್ಟನ್ನು ಇಳಿಸಿದೆವು. ಅದು ಇಳಿಯುವಾಗ ಒಂದು ಸದ್ದು ಬಂತು. ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ತೋಳುಗಳು ಪಕ್ಕದ ಶೆಡ್ಡಿನಲ್ಲಿ ಪಿನ್ನು ಕೂರಿಸಿಕೊಂಡು, ಅದರ ಎರಡೂ ತುದಿಗೆ ತಗಡಿನ ಬಿಲ್ಲೆ ಮುಚ್ಚಿಸಿಕೊಂಡೇ ನಮ್ಮಲ್ಲಿಗೆ ಬರುತ್ತಿದ್ದವು. ಬಿಲ್ಲೆ ಕಿತ್ತು ನೋಡಿದರೆ ಒಳಗೆ ಗಟ್ಟಿ ಉಕ್ಕಿರಲಿಲ್ಲ, ಕೊಳವೆಯಿತ್ತು. ಬಡಿದು ಬಡಿದು ಹೊರಗೆ ತೆಗೆದಾಗ ಬಾಳೆಹಣ್ಣಿನ ಹಾಗೆ ಬಾಗಿತ್ತು.

ಆದದ್ದಿಷ್ಟು. ಉಗ್ರಾಣ ಬರುವ ಸ್ವಲ್ಪ ಮುಂಚೆ ಡ್ರಾಯಿಂಗ್ ಆಫೀಸಿನ ಒಬ್ಬರು, ಬಸ್ಸಿನ ಲಿಫ್ಟಿನ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಂಡು ಕಾರಿಗೆಂದು ಹಗುರವಾದ ಲಿಫ್ಟೊಂದನ್ನು ಮಾಡಲು ಹೊರಟಿದ್ದರು. ಪಿನ್ನುಗಳೂ ನಕಲಾಗಿ ಬಂದಿದ್ದವು, ನಿಜ. ಆದರೆ ಹೊಸ ಲಿಫ್ಟಿನೊಳಗಿದ್ದ ವಿಳಾಸ ಹಳೆಯದೇ. ಅದು ಹೋಗಿ ತಟ್ಟುತ್ತಿದ್ದದ್ದು ಹಳೆಯ ಮನೆಯ ಬಾಗಿಲನ್ನೇ. ಕಾರಿನ ಲಿಫ್ಟಿಗೆ ಸಾಕೆಂದು ಅವರು ಪಿನ್ನನ್ನು ಪೊಳ್ಳು ಮಾಡಿದಾಗ, ಎರಡಕ್ಕೂ ಅದೊಂದೇ ಫೈಲಾದ್ದರಿಂದ ಬಸ್ಸಿನ ಲಿಫ್ಟಿನ ಪಿನ್ನೂ ಯಾರಿಗೂ ತಿಳಿಯದೆ ಪೊಳ್ಳಾಯಿತು. ಹೊರಗಿನ ಅಳತೆ ಒಂದೇ ಆದ್ದರಿಂದ ಎಲ್ಲೂ ತೊಡಕಲಿಲ್ಲ.

ಅಂದು ಭಾವ ಹಳೆಯ ಫೈಲುಗಳನ್ನು ಒಂದೊಂದಾಗಿ ಉಗ್ರಾಣಕ್ಕೆ ತುಂಬುತ್ತಿದ್ದರು. ಕಾರಿನ ಲಿಫ್ಟಿನ ಪಿನ್ನು ಬಂದಾಗ, ತಮ್ಮ ಅಭ್ಯಾಸದಂತೆ, ಇದನ್ನು ಯಾರ್ಯಾರು ಬಳಸುತ್ತಿದ್ದಾರೆ ಎಂದು ಕೇಳಿದರು. ಒಂದು ಹೆಸರು ಬರಬೇಕಾದಲ್ಲಿ ಎರಡು ಬಂದವು. ಎರಡನೆಯದು ಬಸ್ಸಿನ ಲಿಫ್ಟು. ಅದು ಆ ಹೊತ್ತಿನಲ್ಲಿ ಎಲ್ಲಿ ನಿಂತಿದೆ, ಅದರ ಕೆಳಗೆ ಹೋಗುವವನು ಯಾರು ಎಂದು ಅವರಿಗೆ ಗೊತ್ತಿತ್ತು.

ಫೋಲ್ಡರು ನಕಲು ಮಾಡಿದ್ದವರು ಶೆಡ್ಡಿಗೆ ಬಂದು ಬಾಗಿದ ಪಿನ್ನನ್ನು ಕಂಡು ಕುಸಿದು ಕುಳಿತರು. ಸಕ್ಕರೆ ಡಬ್ಬಿಗೆ ಆ ಪಾಟಿ ರೇಗಿದ್ದ ಭಾವ ಈಗ ಏನು ಮಾಡುತ್ತಾರೋ ಎಂದು ನಾನು ಹೆದರಿದೆ. ಅವರು ಕುಂಟುತ್ತ ಹೋಗಿ ನೀರು ತಂದು ಕೊಟ್ಟರು. "ಎಲ್ರೂ ಹಂಗೇ ಮಾಡ್ತಿದ್ವಿ, ಬುಡಿ" ಎಂದರು. ಆ ಪಿನ್ನು ಹಾಕಿದ್ದ ಲಿಫ್ಟು ಅದೊಂದೇ, ಯಾವ ಗ್ಯಾರೇಜಿಗೂ ಹೋಗಿಲ್ಲ ಎಂದು ಸಂಜೆಯೊಳಗೆ ಖಾತ್ರಿಯಾಯಿತು. ಯಾರೋ ಒಂದು ಸಣ್ಣ ಜೋಕು ಹೇಳಿದರು. ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ನಕ್ಕೆವು.

ಸಂಜೆ ಸ್ಕೂಟರಿನಲ್ಲಿ ಅವರನ್ನು ಮನೆಗೆ ಕರೆದೊಯ್ದೆ. ಪಾದಕ್ಕೆ ಪಟ್ಟಿ ಸುತ್ತಿತ್ತು. ಇಲವಾಲ ದಾಟುವಾಗ ಹಿಂದಿನಿಂದ, ಗಾಳಿಯಲ್ಲಿ ಅವರ ದನಿ ಕೇಳಿತು.

"ನಿಮ್ಮಕ್ಕಂಗೆ ಏನಂತ ಹೇಳ್ತಿದ್ದೆ ಕಣೋ ನಾನು?"

"ಹೇಳೋ ಹಂಗೆ ಆಗ್ಲಿಲ್ವಲ್ಲ, ಭಾವ."

ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ಅವರ ಹಣೆ ತಾಗಿತು. ಅಲ್ಲೇ ಉಳಿಯಿತು. ಹಿಂದಿನಿಂದ ಬಸ್ಸುಗಳು ಹಾರ್ನ್ ಹಾಕುತ್ತ ನಮ್ಮನ್ನು ದಾಟಿ ಹೋದವು. ನಾನು ಗೇರು ಇಳಿಸಿ, ಸ್ಕೂಟರನ್ನು ರಸ್ತೆಯ ಅಂಚಿಗೆ ತಂದು, ಮೆಲ್ಲಗೆ ಓಡಿಸಿದೆ. ನಮಗೆ ಅವಸರವೇನಿತ್ತು?